ಹಳೇ ಬಿ-ವೆಸ್ಟರ್ನ್‌ಗಳಲ್ಲಿ ಮಾರ್ಷಲ್ ಬ್ಯಾಡ್ಜ್ ಬಚ್ಚಿಟ್ಟುಕೊಂಡೇ ಊರಿಗೆ ಬರೋದು ಯಾಕೆ?

ಧೂಳುದಾರಿ

1930-40ರ ದಶಕದ ಕಪ್ಪು-ಬಿಳುಪು ವೆಸ್ಟರ್ನ್‌ಗಳನ್ನು, ಅದರಲ್ಲೂ ಬಿ-ಚಿತ್ರ ಅನ್ನೋ 55 ನಿಮಿಷದ ಅಗ್ಗದ ಚಿತ್ರಗಳನ್ನು ಸಾಲಾಗಿ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತೆ. ನಾಯಕ ಫೆಡರಲ್ (ಕೇಂದ್ರ ಸರ್ಕಾರದ) ಮಾರ್ಷಲ್ಲೋ, ರೇಂಜರ್ರೋ ಆಗಿರ್ತಾನೆ. ಆದರೆ ಊರಿಗೆ ಕಾಲಿಡುವಾಗ ಅಲೆಮಾರಿಯ ವೇಷ. ಬ್ಯಾಡ್ಜ್ ಬೆಲ್ಟಿನ ಒಳಗೋ ಜೇಬಿನೊಳಗೋ ಇರುತ್ತೆ. ಶೆರಿಫ್ ಇವನನ್ನೇ ಕಳ್ಳ ಅಂದುಕೊಂಡು ಅಟ್ಟಿಸಿಕೊಂಡು ಬರ್ತಾನೆ. ಕೊನೆಗೆ ಊರಿನ ಮರ್ಯಾದಸ್ಥ ಬ್ಯಾಂಕಿನವನೋ, ಸಲೂನ್ ಮಾಲೀಕನೋ ಗ್ಯಾಂಗಿನ ತಲೆ ಅಂತ ಗೊತ್ತಾಗುತ್ತೆ. ಇದು ಬರೀ ಕಥೆಗಾರರ ಸೋಮಾರಿತನವಾ? ಇಷ್ಟೊಂದು ಕಂಪನಿಗಳು ಇದನ್ನೇ ಹಿಡಿದುಕೊಂಡಿದ್ದಕ್ಕೆ ಬೇರೆ ಕಾರಣ ಇರಲೇಬೇಕು. ಗೊತ್ತಿರೋರು ವಿವರವಾಗಿ ಬರೀರಿ.

ರೀಲುಪೆಟ್ಟಿಗೆ

ಸೋಮಾರಿತನ ಅಲ್ಲ, ಲೆಕ್ಕಾಚಾರ. ಮೊದಲು ದುಡ್ಡು ಎಲ್ಲಿಂದ ಬರ್ತಿತ್ತು ಅಂತ ನೋಡಬೇಕು.

ದೊಡ್ಡ ಚಿತ್ರಗಳಿಗೆ ಥಿಯೇಟರಿನವರು ಟಿಕೆಟ್ ವಸೂಲಿಯಲ್ಲಿ ಪಾಲು ಕೊಡುತ್ತಿದ್ದರು. ಬಿ-ಚಿತ್ರಗಳಿಗೆ ಪಾಲಿಲ್ಲ, ಗೊತ್ತುಪಡಿಸಿದ ಬಾಡಿಗೆ ಅಷ್ಟೆ. ಚಿತ್ರ ಎಷ್ಟೇ ಚೆನ್ನಾಗಿ ಓಡಲಿ, ಆ ಬಾಡಿಗೆ ಬೆಳೆಯೋದಿಲ್ಲ. ಸಣ್ಣ ಕಂಪನಿಗಳು ಪ್ರಾಂತ್ಯವಾರು ಹಕ್ಕುಗಳನ್ನು ಹಂಚಿಕೆದಾರರಿಗೆ ಒಂದೇ ಗಂಟಿಗೆ ಮಾರುತ್ತಿದ್ದವು. ಅಂದರೆ ಕ್ಯಾಮೆರಾ ಆನ್ ಆಗುವ ಮೊದಲೇ ಆದಾಯ ಎಷ್ಟು ಅಂತ ಹೆಚ್ಚುಕಡಿಮೆ ಗೊತ್ತು. ಲಾಭ ಬೇಕಾದರೆ ಇರೋದೊಂದೇ ದಾರಿ, ಖರ್ಚು ಇಳಿಸೋದು. ಜಾನ್ ವೇಯ್ನ್ 1933ರಿಂದ 35ರವರೆಗೆ ಲೋನ್ ಸ್ಟಾರ್ ಹೆಸರಿನಲ್ಲಿ ಮಾಡಿದ 16 ಚಿತ್ರಗಳನ್ನೇ ತೆಗೆದುಕೊಳ್ಳಿ. ನಿರ್ಮಾಪಕ ಪಾಲ್ ಮಾಲ್ವರ್ನ್, ಹಂಚಿಕೆ ಮೊನೋಗ್ರಾಂ ಕಂಪನಿಯದು. ಒಂದೊಂದಕ್ಕೆ ಸುಮಾರು 10ರಿಂದ 15 ಸಾವಿರ ಡಾಲರ್, ಒಂದು ವಾರದೊಳಗೆ ಚಿತ್ರೀಕರಣ ಮುಗೀಬೇಕು.

ಈಗ ಬ್ಯಾಡ್ಜಿನ ವಿಷಯಕ್ಕೆ ಬನ್ನಿ. ಮಾರ್ಷಲ್ ಬ್ಯಾಡ್ಜ್ ಹಾಕಿಕೊಂಡು ರಾಜಾರೋಷವಾಗಿ ಬಂದರೆ ಗ್ಯಾಂಗು ಗುಡ್ಡ ಸೇರುತ್ತೆ, ಮಾರ್ಷಲ್ ಪಡೆ ಕಟ್ಟಬೇಕು. ಪಡೆ ಅಂದರೆ ಸವಾರರು, ಕುದುರೆಗಳು, ಅವುಗಳನ್ನು ನೋಡಿಕೊಳ್ಳೋ ಆಳುಗಳು, ಲಾರಿ, ಎಲ್ಲರ ಊಟ. ವೇಷ ಮರೆಸಿಕೊಂಡು ಬಂದರೆ ಗ್ಯಾಂಗಿನ ಜೊತೆ ಒಂದೇ ಮೇಜಿಗೆ ಕೂರ್ತಾನೆ. ನಾಲ್ಕು ಗೋಡೆ, ಒಂದು ಬಾರ್ ಕಟ್ಟೆ, ಐದಾರು ನಟರು ಇದ್ದರೆ ಸಾಕು, ಹತ್ತು ನಿಮಿಷದ ಕುತೂಹಲ ಪುಕ್ಕಟೆ ಸಿಕ್ಕಿತು. ಜೊತೆಗೆ ಶೆರಿಫನ ತಪ್ಪು ತಿಳಿವಳಿಕೆಯಿಂದ ಇನ್ನೊಂದು ಚೇಸು. ಆ ಚೇಸಿನಲ್ಲಿ ಶೆರಿಫನ ಪಡೆಯಾಗಿ ಓಡಿಸಿದವರೇ ಮಧ್ಯಾಹ್ನ ಟೋಪಿ, ಕುತ್ತಿಗೆ ವಸ್ತ್ರ ಬದಲಿಸಿ ಗ್ಯಾಂಗಾಗಿ ಓಡಿಸುತ್ತಾರೆ. ದೂರದ ಶಾಟ್‌ನಲ್ಲಿ ಯಾರ ಮುಖವೂ ಕಾಣಲ್ಲ. ಆದರೆ ಕುದುರೆ ಕಾಣುತ್ತೆ! ಮೈಮೇಲೆ ಬಿಳಿ ಮಚ್ಚೆ ಇರುವ ಕುದುರೆ ಎರಡೂ ಪಡೆಯಲ್ಲಿ ಬಂತೋ, ಗುಟ್ಟು ರಟ್ಟು. ಅದಕ್ಕೇ ಬಾಡಿಗೆ ಕುದುರೆಗಳು ಸಾಮಾನ್ಯವಾಗಿ ಒಂದೇ ಬಗೆಯ ಕಂದು ಬಣ್ಣದವು.

ಕಾನೂನುಕಟ್ಟೆ

ರೀಲುಪೆಟ್ಟಿಗೆಯವರು ಹೇಳಿದ್ದರ ಜೊತೆಗೆ ಅಧಿಕಾರದ ವ್ಯಾಪ್ತಿಯನ್ನೂ ಸೇರಿಸಿಕೊಳ್ಳಿ. ಶೆರಿಫ್ ಕೌಂಟಿಯ (ನಮ್ಮ ಜಿಲ್ಲೆಯ ಥರದ್ದು) ಜನ ಆರಿಸಿದವನು, ಅವನ ಅಧಿಕಾರ ಕೌಂಟಿಯ ಗಡಿಯೊಳಗೆ. ಊರಿನ ಮಾರ್ಷಲ್‌ಗೆ ಊರಷ್ಟೇ. ಯು.ಎಸ್. ಮಾರ್ಷಲ್ ಹುದ್ದೆ 1789ರ ಕಾಯ್ದೆಯಿಂದ ಬಂದದ್ದು. ಅಧ್ಯಕ್ಷರು ಹೆಸರಿಸಿ ಸೆನೆಟ್ ಒಪ್ಪಬೇಕು, ಕೆಲಸ ಫೆಡರಲ್ ನ್ಯಾಯಾಲಯದ್ದು. ನಿಜವಾದ ಓಡಾಟ ಮಾಡುತ್ತಿದ್ದವರು ಅವರ ಕೈಕೆಳಗಿನ ಡೆಪ್ಯುಟಿಗಳು. 1896ರವರೆಗೆ ಅವರಿಗೆ ಸಂಬಳ ಇರಲಿಲ್ಲ. ವಾರಂಟ್ ಜಾರಿಗೆ ಇಷ್ಟು, ಮೈಲಿಗೆ ಇಷ್ಟು ಅಂತ ಶುಲ್ಕ ಸಿಗುತ್ತಿತ್ತು.

ಕಥೆಗೆ ಇದರಿಂದ ಏನು ಉಪಯೋಗ ಅಂದರೆ, ಸ್ಟೇಜ್‌ಕೋಚಿನಲ್ಲಿ ಟಪಾಲು ಚೀಲ ಇದ್ದರೆ ದರೋಡೆ ಫೆಡರಲ್ ಅಪರಾಧ. ಹಾಗಾಗಿ ಹೊರಗಿನವನೊಬ್ಬ ಬರೋದಕ್ಕೆ ನ್ಯಾಯವಾದ ಕಾರಣ ಸಿಕ್ಕಿತು. ಶೆರಿಫ್ ಮುದುಕನೋ, ಗಾಯಗೊಂಡವನೋ, ಗ್ಯಾಂಗಿಗೆ ಮಾರಿಕೊಂಡವನೋ ಆಗಿರ್ತಾನೆ. ಮತ ಹಾಕುವವರು ಸಲೂನ್ ಮಾಲೀಕನ ಕೈಯಲ್ಲಿದ್ದರೆ ಶೆರಿಫೂ ಅವನ ಕೈಯಲ್ಲೇ. ಈ ಒಂದು ಎಳೆಯಂತೂ ಇತಿಹಾಸಕ್ಕೆ ಹತ್ತಿರದ್ದೇ.

ಧೂಳುದಾರಿ

ಇಬ್ಬರಿಗೂ ಧನ್ಯವಾದ. ಇದನ್ನು ಚೆನ್ನಾಗಿ ಬಳಸಿಕೊಂಡ ಒಂದೆರಡು ಉದಾಹರಣೆ ಕೊಡ್ತೀರಾ?

ಎಡಿಟಿಂಗ್ ಟೇಬಲ್

1934ರ ‘ದ ಸ್ಟಾರ್ ಪ್ಯಾಕರ್’ ನೋಡಿ. ನಿರ್ದೇಶಕ ರಾಬರ್ಟ್ ಎನ್. ಬ್ರಾಡ್‌ಬರಿ. ಮಾರ್ಷಲ್ ಪಾತ್ರ ಜಾನ್ ವೇಯ್ನ್‌ದು. ‘ಶ್ಯಾಡೋ’ ಅನ್ನೋ ಗ್ಯಾಂಗಿನ ಮುಖ್ಯಸ್ಥನ ಮುಖ ಯಾರೂ ಕಂಡಿಲ್ಲ. ಅವನು ತನ್ನ ಆಳುಗಳಿಗೆ ಅಪ್ಪಣೆ ಕೊಡೋದು ಗೋಡೆಯಲ್ಲಿ ಕೂರಿಸಿದ ತಿಜೋರಿಯ ಹಿಂದಿನಿಂದ. ಊರಿನ ಬೀದಿಯಲ್ಲೇ ಒಂದು ಮರದ ಮೋಟು ಇದೆ. ಅದು ಟೊಳ್ಳು, ಕೆಳಗೆ ಸುರಂಗ. ಒಳಗೆ ಕೂತವನು ಅಲ್ಲಿಂದಲೇ ಗುಂಡು ಹೊಡೀತಾನೆ. ಊರವರಿಗೆ ಗುಂಡು ಎಲ್ಲಿಂದ ಬಂತು ಅಂತ ತಿಳಿಯಲ್ಲ. ಒಂದು ಮೋಟು, ಒಂದು ತಿಜೋರಿ ಬಾಗಿಲು, ಒಂದು ಸುರಂಗದ ಗೋಡೆ. ಕಲಾ ವಿಭಾಗದ ಖರ್ಚು ಬಹುಪಾಲು ಇಷ್ಟೇ, ಇಡೀ ಚಿತ್ರ ಇದರ ಸುತ್ತ ತಿರುಗುತ್ತೆ.

ಅದೇ ವರ್ಷದ ‘ರ್‍ಯಾಂಡಿ ರೈಡ್ಸ್ ಅಲೋನ್’, ಹ್ಯಾರಿ ಫ್ರೇಸರ್ ನಿರ್ದೇಶನ. ಅದರ ಆರಂಭ ಈ ಬಜೆಟ್ಟಿನಲ್ಲಿ ತೆಗೆದ ಅತ್ಯುತ್ತಮ ದೃಶ್ಯಗಳಲ್ಲಿ ಒಂದು ಅಂತ ಧೈರ್ಯವಾಗಿ ಹೇಳಬಹುದು. ನಾಯಕ ಸಲೂನಿನ ಹತ್ತಿರ ಬರ್ತಾನೆ, ಒಳಗಿಂದ ಪಿಯಾನೋ ಸದ್ದು. ಬಾಗಿಲು ತಳ್ಳಿದರೆ ಎಲ್ಲರೂ ಹೆಣವಾಗಿ ಬಿದ್ದಿದ್ದಾರೆ. ತಾನೇ ತಾನಾಗಿ ನುಡಿಯುವ ಯಂತ್ರದ ಪಿಯಾನೋ ಮಾತ್ರ ನಿಂತಿಲ್ಲ. ಗೋಡೆಯ ಚಿತ್ರಪಟದ ಕಣ್ಣಿನ ತೂತಿನಿಂದ ಯಾರೋ ನೋಡ್ತಿದ್ದಾರೆ. ಹೊಡೆದಾಟ ಇಲ್ಲ, ಮಾತಿಲ್ಲ, ಸತ್ತವರ ಪಾತ್ರಕ್ಕೆ ಸಂಭಾಷಣೆಯ ಕೂಲಿಯೂ ಕೊಡಬೇಕಿಲ್ಲ.

ಬ್ರಾಡ್‌ಬರಿ ಚಿತ್ರಗಳಲ್ಲಿ ಇನ್ನೊಂದು ಗುರುತು ಇದೆ. ನಾಯಕ ಕುದುರೆ ಏರಿದ ಕೂಡಲೇ ಕ್ಯಾಮೆರಾ ಸರ್ರನೆ ಪಕ್ಕಕ್ಕೆ ತಿರುಗಿ ಚಿತ್ರವೆಲ್ಲ ಗೆರೆಗೆರೆಯಾಗುತ್ತೆ. ಗೆರೆ ನಿಂತಾಗ ಅವನು ಮುಂದಿನ ಜಾಗದಲ್ಲಿರ್ತಾನೆ. ಪ್ರಯಾಣ ತೋರಿಸುವ ಐದಾರು ಶಾಟ್ ಉಳಿಯಿತು, ಓಟವೂ ಕುಂದಲಿಲ್ಲ.

ಮಲ್ನಾಡ್ ಮ್ಯಾಟಿನಿ

ಮೊನೋಗ್ರಾಂನ ರಫ್ ರೈಡರ್ಸ್ ಸರಣಿ ಯಾರೂ ಹೇಳಲೇ ಇಲ್ಲವಲ್ಲ! 1941-42ರಲ್ಲಿ 8 ಚಿತ್ರ. ಬಕ್ ಜೋನ್ಸ್, ಟಿಮ್ ಮೆಕಾಯ್, ರೇಮಂಡ್ ಹ್ಯಾಟನ್, ಮೂವರೂ ಮಾರ್ಷಲ್‌ಗಳು. ಒಬ್ಬ ಅರಿಜೋನಾದವನು, ಒಬ್ಬ ವಯೋಮಿಂಗಿನವನು, ಒಬ್ಬ ಟೆಕ್ಸಾಸಿನವನು. ಊರಿಗೆ ಬೇರೆಬೇರೆಯಾಗಿ, ಬೇರೆಬೇರೆ ವೇಷದಲ್ಲಿ ಬರ್ತಾರೆ, ಪರಿಚಯವೇ ಇಲ್ಲದವರ ಹಾಗೆ ಇರ್ತಾರೆ. ಮೂವರು ಮೂರು ಕಡೆಯಿಂದ ಗ್ಯಾಂಗನ್ನು ಅಳೆದು ಕೊನೆಗೆ ಒಟ್ಟಾಗ್ತಾರೆ. ಬಚ್ಚಿಟ್ಟ ಬ್ಯಾಡ್ಜ್ ಒಂದಲ್ಲ, ಮೂರು. ನಟರಿಗೂ ವಯಸ್ಸಾಗಿತ್ತು, ಅದನ್ನು ಮರೆಮಾಚಲಿಲ್ಲ, ಅನುಭವದ ಗಾಂಭೀರ್ಯವಾಗಿ ಬಳಸಿಕೊಂಡರು. ಮೆಕಾಯ್ ಸೈನ್ಯಕ್ಕೆ ಹೋದರು. 1942ರ ನವೆಂಬರಿನಲ್ಲಿ ಬಾಸ್ಟನ್ನಿನ ಕೋಕೋನಟ್ ಗ್ರೋವ್ ಬೆಂಕಿ ದುರಂತದಲ್ಲಿ ಜೋನ್ಸ್ ತೀರಿಕೊಂಡರು. ಸರಣಿ ಅಲ್ಲಿಗೆ ನಿಂತಿತು.

ಚಿತ್ರಗಾರ ಹುಬ್ಳಿ

ಚೇಸ್ ಬಗ್ಗೆ ಕೇಳೋದಿತ್ತು. ಕುದುರೆಗಳು ಪಟಪಟ ಅಂತ ಓಡೋದು ಹಳೇ ಪ್ರೊಜೆಕ್ಟರಿನ ದೋಷಾನಾ?

ಎಡಿಟಿಂಗ್ ಟೇಬಲ್

ಅಲ್ಲ ಸರ್. ಮೂಕಿ ಚಿತ್ರಗಳಿಗಾದರೆ ಆ ಮಾತು ಒಂದು ಮಟ್ಟಿಗೆ ಸರಿ. ಟಾಕಿ ಬಂದ ಮೇಲೆ ಪ್ರೊಜೆಕ್ಟರ್ ವೇಗ ಸೆಕೆಂಡಿಗೆ 24 ಫ್ರೇಮಿಗೆ ಕಟ್ಟಿಹೋಯಿತು. ಇಲ್ಲಿ ಬೇಕೆಂದೇ ಕ್ಯಾಮೆರಾ ನಿಧಾನಿಸುತ್ತಾರೆ. 20 ಫ್ರೇಮಿನಲ್ಲಿ ತೆಗೆದು 24ರಲ್ಲಿ ತೋರಿಸಿದರೆ ವೇಗ 1.2 ಪಟ್ಟು. 16ರಲ್ಲಿ ತೆಗೆದರೆ ಒಂದೂವರೆ ಪಟ್ಟು. 20-22 ಕಣ್ಣಿಗೆ ಒಪ್ಪುತ್ತೆ. 18ಕ್ಕೆ ಇಳಿದರೆ ಬಾಲದ ಅಲುಗು, ಟೋಪಿಯ ಅಂಚು, ಎದ್ದ ಧೂಳು ಇಳಿಯುವ ರೀತಿ ಸುಳ್ಳು ಹೇಳೋಕೆ ಶುರು ಮಾಡುತ್ತೆ. ಧೂಳನ್ನೇ ನೋಡಿ, ತಟಕ್ಕನೆ ಕೆಳಗಿಳಿದರೆ ಕ್ಯಾಮೆರಾ ನಿಧಾನವಾಗಿತ್ತು ಅಂತಲೇ ಅರ್ಥ. ಈ ಶಾಟ್‌ಗಳಲ್ಲಿ ಮಾತು ಇರೋ ಹಾಗಿಲ್ಲ. ಸೌಂಡ್ ಇಲ್ಲದೆ ತೆಗೆದು ಗೊರಸಿನ ಸದ್ದು ಆಮೇಲೆ ಸೇರಿಸ್ತಾರೆ. ಇದೂ ಉಳಿತಾಯವೇ, ಸೌಂಡ್ ಲಾರಿ ಆ ದಿನ ಬೇಕಿಲ್ಲ.

ಕ್ಯಾಮೆರಾ ಇರೋದು ಮುಂದೆ ಓಡುವ ಕಾರಿನಲ್ಲಿ. ಕುದುರೆ ನಾಗಾಲೋಟದಲ್ಲಿ ಗಂಟೆಗೆ ಸುಮಾರು 40-45 ಕಿ.ಮೀ. ಹೋಗುತ್ತೆ. ಆ ವೇಗದಲ್ಲಿ ಕಾರು ಕುಲುಕಿದರೆ ಶಾಟ್ ಹಾಳು. ದಾರಿಯಲ್ಲಿನ ಕಲ್ಲು ಮೊದಲೇ ಆರಿಸಿ ಸಮ ಮಾಡಿರಬೇಕು. ಕಾರೇ ಎಬ್ಬಿಸಿದ ಧೂಳು ಹಿಂದಿನ ಕುದುರೆಯನ್ನು ಮುಚ್ಚದ ಹಾಗೆ ನೀರು ಚಿಮುಕಿಸಬೇಕು. ನೀರು ಹೆಚ್ಚಾದರೆ ಕುದುರೆ ಜಾರುತ್ತೆ. ರಿಪಬ್ಲಿಕ್ ಕಂಪನಿ 1935ರಲ್ಲಿ ಹರ್ಬರ್ಟ್ ಯೇಟ್ಸ್ ಕೈಯಲ್ಲಿ ಹುಟ್ಟಿದ ಮೇಲೆ ಈ ಕೆಲಸದಲ್ಲಿ ಎಲ್ಲರನ್ನೂ ಮೀರಿಸಿತು. ಅದರ ಚೇಸ್‌ಗಳ ನಯ ಉಳಿದ ಸಣ್ಣ ಕಂಪನಿಗಳಿಗೆ ಬರಲಿಲ್ಲ. ಪಿ.ಆರ್.ಸಿ. ಅನ್ನೋ ಸಣ್ಣ ಕಂಪನಿಯ ಚಿತ್ರಗಳಲ್ಲಿ ಕ್ಯಾಮೆರಾ ಬಹಳ ಸಲ ದಾರಿ ಪಕ್ಕ ನಿಂತೇ ಇರುತ್ತೆ. ಸವಾರರು ಎಡದಿಂದ ಬಂದು ಬಲಕ್ಕೆ ಹೋಗ್ತಾರೆ, ಅಷ್ಟೆ.

ರೀಲುಪೆಟ್ಟಿಗೆ

ಜಾಗದ ಲೆಕ್ಕವನ್ನೂ ಹೇಳಿಬಿಡೋಣ. ಹಾಲಿವುಡ್ಡಿನಿಂದ ಬೆಳಿಗ್ಗೆ ಹೊರಟು ಸಂಜೆ ಮನೆಗೆ ಬರುವಷ್ಟು ಹತ್ತಿರದಲ್ಲಿ ಎಲ್ಲ ಇತ್ತು. ಚಾಟ್ಸ್‌ವರ್ತ್‌ನ ಐವರ್ಸನ್ ರಾಂಚಿನಲ್ಲಿ ಮರಳುಗಲ್ಲಿನ ದೊಡ್ಡ ದೊಡ್ಡ ಬಂಡೆ, ಹೊಂಚು ಹಾಕೋಕೆ ಹೇಳಿ ಮಾಡಿಸಿದ ಸಂದಿಗಳು. ಪ್ಲಸೆರಿಟಾ ಕಣಿವೆಯ ಮೊನೋಗ್ರಾಂ ರಾಂಚಿನಲ್ಲಿ ಕಟ್ಟಿ ನಿಲ್ಲಿಸಿದ ಊರಬೀದಿ. ಗ್ರಿಫಿತ್ ಪಾರ್ಕಿನ ಬ್ರಾನ್ಸನ್ ಗುಹೆ ಅಂದರೆ ಗ್ಯಾಂಗಿನ ಅಡಗುತಾಣ ಅಂತಲೇ ಲೆಕ್ಕ. ಅದು ನಗರದೊಳಗೇ ಇದೆ, ಕಲ್ಲು ತೆಗೆದ ಹಳೇ ಕ್ವಾರಿ. ಲೋನ್ ಪೈನ್‌ನ ಅಲಬಾಮಾ ಹಿಲ್ಸ್ ಇವಕ್ಕಿಂತ ಚೆಂದ, ಹಿಂದೆ ಹಿಮದ ಸಿಯೆರಾ ಬೆಟ್ಟಸಾಲು. ಆದರೆ ಅಲ್ಲಿ ರಾತ್ರಿ ಉಳಿಯಬೇಕು, ತಂಡಕ್ಕೆಲ್ಲ ವಸತಿ-ಊಟ ಕೊಡಬೇಕು. ಹೊಪಲಾಂಗ್ ಕ್ಯಾಸಿಡಿ ಅನ್ನೋ ಕೌಬಾಯ್ ನಾಯಕನ ಸರಣಿಯ ನಿರ್ಮಾಪಕ ಹ್ಯಾರಿ ಶರ್ಮನ್ ಥರದವರಿಗೆ ಅದು ಸಾಧ್ಯವಿತ್ತು. ಹಾಗಾಗಿ ಹಿನ್ನೆಲೆಯ ಬೆಟ್ಟ ನೋಡಿಯೇ ಬಜೆಟ್ ಊಹಿಸಬಹುದು.

ಸಾಹಸ ಸಂತೆ

ಹೊಡೆದಾಟದ ವಿಷಯ ನನಗೆ ಬಿಡಿ, ಇದರಲ್ಲೇ ಈ ಬಡ ಚಿತ್ರಗಳು ಇಡೀ ಉದ್ಯಮಕ್ಕೆ ಪಾಠ ಹೇಳಿದ್ದು. ಮೊದಲು ನಟರು ಭುಜಕ್ಕೆ, ತೋಳಿಗೆ ನಿಜವಾಗಿಯೇ ಗುದ್ದಿಕೊಳ್ಳುತ್ತಿದ್ದರು. ನೋಡೋಕೂ ಸುಳ್ಳು, ಪೆಟ್ಟೂ ಬೀಳುತ್ತೆ. ಸಾಹಸ ಕಲಾವಿದ ಯಾಕಿಮಾ ಕನಟ್ ಮತ್ತು ವೇಯ್ನ್ ಲೋನ್ ಸ್ಟಾರ್ ದಿನಗಳಲ್ಲಿ ರೂಢಿಗೆ ತಂದದ್ದು ಮುಷ್ಟಿ ದವಡೆಯ ಮುಂದೆ ಹಾದುಹೋಗುವ ಕ್ರಮ. ಕ್ಯಾಮೆರಾ ಒಬ್ಬನ ಭುಜದ ಹಿಂದೆ ಇರಬೇಕು. ಮುಷ್ಟಿ ಮುಖದಿಂದ ಒಂದು ಗೇಣು ದೂರದಲ್ಲಿ ಹಾಯುತ್ತೆ, ಆ ಕೋನದಿಂದ ನಡುವಿನ ಖಾಲಿ ಜಾಗ ಕಾಣಲ್ಲ. ಪೆಟ್ಟು ತಿಂದವನು ಮುಷ್ಟಿ ಹಾಯ್ದ ಕ್ಷಣಕ್ಕೇ ತಲೆ ಎಸೆಯಬೇಕು, ಮೊದಲೂ ಅಲ್ಲ, ಆಮೇಲೂ ಅಲ್ಲ. ಕ್ಯಾಮೆರಾ ಪಕ್ಕಕ್ಕೆ ಬಂದರೆ ಎಲ್ಲ ಬಯಲು. ಈಗಲೂ ನಮ್ಮ ಫೈಟ್ ಮಾಸ್ಟರ್‌ಗಳ ಕೆಲಸ ನಿಂತಿರೋದು ಇದೇ ತತ್ವದ ಮೇಲೆ.

ಒಡೆಯೋ ಕುರ್ಚಿ ಬಾಲ್ಸಾ ಮರದ್ದು. ಒಡೆಯೋ ಬಾಟಲಿ, ಕಿಟಕಿ ಗಾಜು ಸಕ್ಕರೆ ಪಾಕದ್ದು. ಸಕ್ಕರೆ ಗಾಜು ಗಾಳಿಯ ತೇವ ಹೀರಿ ಅಂಟಂಟಾಗುತ್ತೆ, ಲೈಟಿನ ಬಿಸಿಗೆ ಬಾಗುತ್ತೆ. ಶಾಟಿಗೆ ಸ್ವಲ್ಪ ಮುಂಚೆಯೇ ಕೂರಿಸಬೇಕು. ಬಜೆಟ್ ಇಲ್ಲದ ಚಿತ್ರದಲ್ಲಿ ಒಡೆಯೋ ಕುರ್ಚಿ ಒಂದೇ ಇರುತ್ತೆ. ಅದಕ್ಕೇ ನಾಲ್ಕು ಜನ ಹೊಡೆದಾಡಿದರೂ ಒಂದೇ ಕುರ್ಚಿ ಮುರಿಯೋದು.

ಬಂದೂಕಿನ ವಿಷಯ. ‘ಐದರಲ್ಲೊಂದು’ ಅನ್ನೋ ಖಾಲಿ ತೋಟಾ (ಗುಂಡಿಲ್ಲದೆ ಮದ್ದು ಮಾತ್ರ ಇರೋದು) ಬಳಕೆಯಲ್ಲಿತ್ತು. .38-40, .44-40, .45 ಕೋಲ್ಟ್ ರಿವಾಲ್ವರ್‌ಗಳಿಗೂ .38-40, .44-40 ರೈಫಲ್‌ಗಳಿಗೂ ಒಂದೇ ತೋಟಾ ಹೊಂದುತ್ತೆ. ಒಂದು ಡಬ್ಬ ತಂದರೆ ಇಡೀ ಗ್ಯಾಂಗಿಗೂ ಮಾರ್ಷಲ್‌ಗೂ ಆಯಿತು. ಕಥೆ 1870ರ ದಶಕದ್ದಾದರೂ ಎಲ್ಲರ ಕೈಯಲ್ಲೂ 1892ರ ವಿಂಚೆಸ್ಟರ್ ಇರೋದಕ್ಕೆ ಒಂದು ಕಾರಣ ಇದು: ಅದು ಸುಲಭವಾಗಿ ಸಿಗುತ್ತಿತ್ತು, ಈ ತೋಟಾ ತಿನ್ನುತ್ತಿತ್ತು. ಮದ್ದು ಕಾಲು, ಅರ್ಧ, ಪೂರ್ತಿ ಅಂತ ಮೂರು ಅಳತೆ. ಕುದುರೆ ಹತ್ತಿರ ಇದ್ದರೆ, ಕೋಣೆಯೊಳಗಾದರೆ ಕಾಲು. ಬಯಲಲ್ಲಿ ಹೊಗೆ ಕಾಣಬೇಕಾದರೆ ಪೂರ್ತಿ. ಖಾಲಿ ತೋಟಾ ಅಂತ ಹಗುರವಾಗಿ ನೋಡೋ ಹಾಗಿಲ್ಲ. ಹತ್ತಿರದಿಂದ ಹಾರಿಸಿದರೆ ಒಳಗಿನ ಬಿರಡೆ, ಬಿಸಿ ಅನಿಲ ಜೀವ ತೆಗೆಯಬಲ್ಲದು. ಅದಕ್ಕೇ ಎದುರಾಳಿಯ ಪಕ್ಕಕ್ಕೆ ಗುರಿ ಇಡೋದು, ಕ್ಯಾಮೆರಾ ಕೋನ ಉಳಿದದ್ದನ್ನು ನೋಡಿಕೊಳ್ಳುತ್ತೆ.

ಶ್ರಾವಣಿ ಕ್ಲಾಸಿಕ್ಸ್

ಸಾಹಸ ಸಂತೆಯವರೇ, ಕುದುರೆ ಬೀಳೋ ಶಾಟ್ ಬಗ್ಗೆಯೂ ಬರೀಬೇಕು. ಅದನ್ನು ಬಿಟ್ಟು ಈ ಚಿತ್ರಗಳನ್ನು ಬರೀ ಹೊಗಳಿದರೆ ಅರ್ಧ ಸತ್ಯ ಆಗುತ್ತೆ.

ಸಾಹಸ ಸಂತೆ

ಖಂಡಿತ ಮೇಡಂ, ಬರೆಯಲೇಬೇಕಾದ ವಿಷಯ. ‘ರನ್ನಿಂಗ್ ಡಬ್ಲ್ಯೂ’ ಅಂತ ಒಂದು ವಿಧಾನ ಇತ್ತು. ಕುದುರೆಯ ಮುಂಗಾಲುಗಳಿಗೆ ಪಟ್ಟಿ ಕಟ್ಟಿ, ಅದರಿಂದ ತಂತಿಯನ್ನು ಹೊಟ್ಟೆಪಟ್ಟಿಯ ಉಂಗುರದ ಮೂಲಕ ಎಳೆದು, ಉದ್ದನೆಯ ತಂತಿಯ ಇನ್ನೊಂದು ತುದಿಯನ್ನು ನೆಲದಲ್ಲಿ ಹೂತ ಗೂಟಕ್ಕೆ ಕಟ್ಟೋದು. ಓಡುತ್ತಾ ತಂತಿ ಮುಗಿದ ಕೂಡಲೇ ಮುಂಗಾಲು ಹೊಟ್ಟೆಯಡಿ ಮಡಚಿ ಕುದುರೆ ಮುಗ್ಗರಿಸುತ್ತೆ. ಸವಾರನಿಗೆ ತಂತಿ ಎಲ್ಲಿ ಮುಗಿಯುತ್ತೆ ಅಂತ ಗೊತ್ತು, ಕುದುರೆಗೆ ಗೊತ್ತಿಲ್ಲ. ಕ್ರೌರ್ಯ ಇರೋದೇ ಅಲ್ಲಿ. ಕಾಲು, ಕುತ್ತಿಗೆ ಮುರಿದ ಕುದುರೆಗಳನ್ನು ಅಲ್ಲೇ ಕೊಲ್ಲುತ್ತಿದ್ದರು. ಇದರಲ್ಲಿ ದೊಡ್ಡ ಸ್ಟುಡಿಯೋಗಳ ಪಾಪವೇನೂ ಕಡಿಮೆ ಅಲ್ಲ. 1936ರ ವಾರ್ನರ್ ಅವರ ‘ಚಾರ್ಜ್ ಆಫ್ ದ ಲೈಟ್ ಬ್ರಿಗೇಡ್’, ಬಂಡೆಯ ಮೇಲಿಂದ ನೀರಿಗೆ ಬೀಳಿಸಿ ಕುದುರೆ ಸಾಯಿಸಿದ 1939ರ ‘ಜೆಸ್ಸಿ ಜೇಮ್ಸ್’ ಎರಡೂ ದುಬಾರಿ ಚಿತ್ರಗಳೇ. ಆ ಗಲಾಟೆಯ ನಂತರ 1940ರಿಂದ ಅಮೆರಿಕನ್ ಹ್ಯೂಮೇನ್ ಸಂಸ್ಥೆಗೆ ಸೆಟ್ಟಿನ ಮೇಲೆ ಕಣ್ಣಿಡುವ ಅವಕಾಶ ಸಿಕ್ಕಿತು.

ಸರಿಯಾದ ವಿಧಾನ ಬೀಳೋದಕ್ಕೇ ಪಳಗಿಸಿದ ಕುದುರೆ. ನೆಲ ಅಗೆದು, ಮರಳು ಬೆರೆಸಿ ಮೆತ್ತಗೆ ಮಾಡಿರ್ತಾರೆ. ಸವಾರ ಲಗಾಮು ಎಳೆದು ತಲೆಯನ್ನು ಪಕ್ಕಕ್ಕೆ ತಿರುಗಿಸಿದಾಗ ಅದು ಭುಜದ ಮೇಲೆ ಉರುಳುತ್ತೆ. ಇಂಥ ಕುದುರೆಗೆ ಬಾಡಿಗೆ ಜಾಸ್ತಿ, ಆದ್ದರಿಂದ ನಂತರದ ಅಗ್ಗದ ಚಿತ್ರಗಳಲ್ಲಿ ಸವಾರ ಮಾತ್ರ ಬೀಳ್ತಾನೆ, ಕುದುರೆ ಓಡಿಹೋಗುತ್ತೆ. ಅದೇ ಒಳ್ಳೇದಾಯಿತು.

ಎಡಿಟಿಂಗ್ ಟೇಬಲ್

ಮುಖವಾಡದ ವಿಷಯ ಬಾಕಿ ಇದೆ. ಬ್ಯಾಡ್ಜ್ ಬಚ್ಚಿಡೋದರ ಮುಂದಿನ ಹೆಜ್ಜೆ ಅದು. ಕೊಲಂಬಿಯಾ ಕಂಪನಿಯ ಡುರಾಂಗೋ ಕಿಡ್ ಸರಣಿಯಲ್ಲಿ ಚಾರ್ಲ್ಸ್ ಸ್ಟಾರೆಟ್ ಪ್ರತಿ ಸಲವೂ ಸ್ಟೀವ್ ಅನ್ನೋ ಹೆಸರಿನವನು, ಎಷ್ಟೋ ಸಲ ಸರ್ಕಾರದ ಕೆಲಸದವನೇ. ಕಪ್ಪು ಬಟ್ಟೆ, ಮೂಗಿನ ಮೇಲೆ ಕಪ್ಪು ವಸ್ತ್ರ ಕಟ್ಟಿದ ಕೂಡಲೇ ಡುರಾಂಗೋ. ಮುಖ ಮುಚ್ಚಿದ್ದರಿಂದ ಡೂಪ್ ಜಾಕ್ ಮಹೋನಿ ಕ್ಯಾಮೆರಾಗೆ ಮುಖ ಕೊಟ್ಟೇ ಮಹಡಿಯಿಂದ ಜಿಗಿಯಬಹುದು. ಕಟ್ ಮಾಡಿ ಮರೆಸುವ ಗೋಜಿಲ್ಲ. ಬಟ್ಟೆ ಎಂದೂ ಬದಲಾಗದ್ದರಿಂದ ಹಿಂದಿನ ಚಿತ್ರದ ಚೇಸನ್ನು ಕತ್ತರಿಸಿ ಇದಕ್ಕೆ ಅಂಟಿಸಬಹುದು. ಸರಣಿಯ ಕೊನೆಕೊನೆಯ ಚಿತ್ರಗಳಲ್ಲಿ ಇದು ಮಿತಿ ಮೀರಿತು. ಹಳೇ ತುಣುಕುಗಳ ನಡುವೆ ಹೊಸ ಸಂಭಾಷಣೆ ತುರುಕಿದ ಹಾಗಿವೆ.

ಈ ಜಾಣ್ಮೆ ಹಳೆಯದೇ. 1932-33ರಲ್ಲಿ ವಾರ್ನರ್‌ಗಾಗಿ ಲಿಯಾನ್ ಶ್ಲೆಸಿಂಜರ್ ವೇಯ್ನ್‌ನನ್ನು ಹಾಕಿಕೊಂಡು 6 ಚಿತ್ರ ಮಾಡಿದರು. ಎಲ್ಲಕ್ಕೂ ಕೆನ್ ಮೇನಾರ್ಡ್‌ನ ಮೂಕಿ ವೆಸ್ಟರ್ನ್‌ಗಳ ದೊಡ್ಡ ದೃಶ್ಯಗಳನ್ನೇ ಬಳಸಿಕೊಂಡರು. ವೇಯ್ನ್‌ಗೆ ಮೇನಾರ್ಡ್‌ನ ಥರದ್ದೇ ಬಟ್ಟೆ, ಮೇನಾರ್ಡ್‌ನ ಟಾರ್ಜಾನ್ ಅನ್ನೋ ಕುದುರೆಗೆ ಹೊಂದುವ ಬಿಳಿ ಕುದುರೆ. ದೂರದಲ್ಲಿ ನೂರಾರು ದನ ಓಡೋದು ಮೂಕಿಯದ್ದು, ಹತ್ತಿರದಲ್ಲಿ ಮುಖ ವೇಯ್ನ್‌ನದ್ದು. ಗುರುತಿಸೋದು ಹೇಗೆ ಅಂದರೆ ಫಿಲ್ಮಿನ ಕಾಳು ದಪ್ಪಗಾಗುತ್ತೆ, ಚಲನೆ ಒಮ್ಮೆಲೇ ಚುರುಕಾಗುತ್ತೆ, ನೆರಳಿನ ದಿಕ್ಕು ತಪ್ಪುತ್ತೆ.

ಚಿತ್ರಗಾರ ಹುಬ್ಳಿ

ರಾತ್ರಿ ದೃಶ್ಯಗಳೂ ಹಗಲಲ್ಲೇ ಅಲ್ವಾ?

ಎಡಿಟಿಂಗ್ ಟೇಬಲ್

ಹೌದು. ಲೈಟು, ಜನರೇಟರ್ ಖರ್ಚು ತಪ್ಪಿಸೋಕೆ. ಕೆಂಪು ಫಿಲ್ಟರ್ ಹಾಕಿದರೆ ನೀಲಿ ಆಕಾಶ ಕಪ್ಪಾಗುತ್ತೆ. ಗಾಢ ಕೆಂಪು 25ಎ ಫಿಲ್ಟರ್ ಸುಮಾರು 3 ಸ್ಟಾಪ್ ಬೆಳಕು ತಿನ್ನುತ್ತೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿಯೋದು). ಅದರಲ್ಲಿ ಅರ್ಧದಷ್ಟನ್ನು ಮಾತ್ರ ತುಂಬಿಕೊಟ್ಟು ಉಳಿದದ್ದನ್ನು ಕತ್ತಲೆಗೆ ಬಿಡೋದು. ಸೂರ್ಯ ನಟರ ಹಿಂದೆ ಇರಬೇಕು, ಆಗ ಅಂಚಿಗೆ ಮಾತ್ರ ಬೆಳಕು ಬಿದ್ದು ಬೆಳದಿಂಗಳ ಹಾಗೆ ಕಾಣುತ್ತೆ. ಮೋಡ ಬಂದರೆ ಕೆಲಸ ಕೆಟ್ಟಿತು, ಯಾಕಂದರೆ ಬಿಳಿ ಆಕಾಶವನ್ನು ಫಿಲ್ಟರ್ ಕಪ್ಪು ಮಾಡಲಾರದು. ನಡುಮಧ್ಯಾಹ್ನ ತೆಗೆದರೆ ಟೋಪಿಯಡಿ ಗಿಡ್ಡ ನೆರಳು ಬಿದ್ದು ಮುಖವೇ ಕಾಣಲ್ಲ. ಕೆಂಪು ಫಿಲ್ಟರ್ ಮುಖವನ್ನು ಸುಣ್ಣ ಬಳಿದ ಹಾಗೆ ಬಿಳಿಚಿಸೋದರಿಂದ ಹತ್ತಿರದ ಶಾಟ್‌ಗಳನ್ನು ಆದಷ್ಟು ತಪ್ಪಿಸಬೇಕು.

ಮಲ್ನಾಡ್ ಮ್ಯಾಟಿನಿ

ನಮ್ಮ ದಕ್ಷಿಣದ ಕೌಬಾಯ್ ಚಿತ್ರಗಳಿಗೂ ಇದಕ್ಕೂ ನಂಟಿದೆಯಾ? ಕನ್ನಡದಲ್ಲಿ ‘ಕಳ್ಳ ಕುಳ್ಳ’, ‘ಸಹೋದರರ ಸವಾಲ್’ ಮಾಡಿದ ಕೆ.ಎಸ್.ಆರ್. ದಾಸ್ ಅವರೇ 1971ರಲ್ಲಿ ತೆಲುಗಿನ ‘ಮೋಸಗಾಳ್ಳಕು ಮೋಸಗಾಡು’ ಮಾಡಿದ್ದು.

ರೀಲುಪೆಟ್ಟಿಗೆ

ಆ ಬಳ್ಳಿ ಬೇರೆ. ಅದು 1960ರ ದಶಕದ ಇಟಾಲಿಯನ್ ವೆಸ್ಟರ್ನ್‌ಗಳ ಕಡೆಯದು. ಅಲ್ಲಿ ನಾಯಕನಿಗೂ ಚಿನ್ನದ ಆಸೆ, ಕಾನೂನು ಪಕ್ಕಕ್ಕೆ ಸರಿಯುತ್ತೆ. ಇಲ್ಲಿ ಚರ್ಚೆಯಾಗ್ತಿರೋ ಮಾರ್ಷಲ್ ಚಿತ್ರಗಳು ಅದಕ್ಕೆ ಮೊದಲೇ ಮುಗಿದಿದ್ದವು. ಅಮೆರಿಕದ ಸುಪ್ರೀಂ ಕೋರ್ಟಿನ 1948ರ ಪ್ಯಾರಾಮೌಂಟ್ ತೀರ್ಪು ಚಿತ್ರಗಳನ್ನು ಕಂತೆಕಟ್ಟಿ ಥಿಯೇಟರ್‌ಗಳ ಮೇಲೆ ಹೇರುವುದನ್ನು ನಿಲ್ಲಿಸಿತು. ಅದರ ಬೆನ್ನಿಗೆ ಟಿ.ವಿ. ಇದೇ ಸರಕನ್ನು ಮನೆಯೊಳಗೇ ಪುಕ್ಕಟೆ ತೋರಿಸತೊಡಗಿತು. 1949ರಲ್ಲಿ ಹೊಪಲಾಂಗ್ ಕ್ಯಾಸಿಡಿ ಎನ್.ಬಿ.ಸಿ. ಟಿ.ವಿ.ಯಲ್ಲಿ ಬಂದ. ವೇಯ್ನ್ ಮಾರಿಸ್ ನಟಿಸಿದ 1954ರ ‘ಟೂ ಗನ್ಸ್ ಅಂಡ್ ಎ ಬ್ಯಾಡ್ಜ್’ ಅನ್ನು ಸರಣಿ ಬಿ-ವೆಸ್ಟರ್ನ್‌ಗಳ ಕೊನೆಯದು ಅಂತ ಸಾಮಾನ್ಯವಾಗಿ ಹೇಳ್ತಾರೆ. ಅದರ ಕಥೆಯೂ ತಪ್ಪು ತಿಳಿವಳಿಕೆಯದೇ. ಜೈಲಿನಿಂದ ಬಂದವನನ್ನು ಊರವರು ತಾವು ಕಾಯುತ್ತಿದ್ದ ಡೆಪ್ಯುಟಿ ಅಂದುಕೊಂಡು ಬ್ಯಾಡ್ಜ್ ಕೊಡ್ತಾರೆ. ಎಲ್ಲ ಚಿತ್ರಗಳಲ್ಲಿ ಬ್ಯಾಡ್ಜ್ ಬಚ್ಚಿಟ್ಟರೆ ಇದರಲ್ಲಿ ಅರ್ಹತೆ ಇಲ್ಲದವನಿಗೆ ಅದು ಸಿಗುತ್ತೆ.

ಧೂಳುದಾರಿ

ಲೋನ್ ಸ್ಟಾರ್‌ನಿಂದಲೇ ಶುರು ಮಾಡ್ತೀನಿ. ಅಂತರ್ಜಾಲದಲ್ಲಿ ಒಂದೇ ಚಿತ್ರದ ಹತ್ತು ಪ್ರತಿ ಇವೆ. ಯಾವುದನ್ನು ನೋಡಲಿ?

ಎಡಿಟಿಂಗ್ ಟೇಬಲ್

ಈ ಚಿತ್ರಗಳಲ್ಲಿ ಹಲವಕ್ಕೆ 28 ವರ್ಷದ ನಂತರ ಕಾಪಿರೈಟ್ ನವೀಕರಿಸಲಿಲ್ಲ, ಹಾಗಾಗಿ ಯಾರು ಬೇಕಾದರೂ ಹಾಕ್ತಾರೆ. ಸಂಗೀತ ಕೇಳಿ. ಚೇಸಿನಲ್ಲಿ ಸಿಂಥಸೈಸರ್ ಇದ್ದರೆ ಅದು ದಶಕಗಳ ನಂತರ ಸೇರಿಸಿದ್ದು, ಬಿಡಿ. ಮೂಲದಲ್ಲಿ ಹೆಚ್ಚಿನ ಹೊಡೆದಾಟಕ್ಕೆ ಸಂಗೀತವೇ ಇಲ್ಲ, ಬೂಟಿನ ಸದ್ದು, ಉಸಿರು ಮಾತ್ರ. ಬಣ್ಣ ಹಚ್ಚಿದ ಪ್ರತಿಯೂ ಬೇಡ, ಹಗಲಲ್ಲಿ ತೆಗೆದ ರಾತ್ರಿಯೆಲ್ಲ ಅದರಲ್ಲಿ ಕೆಟ್ಟಿರುತ್ತೆ.

ಆಮೇಲೆ ಅವಧಿ ನೋಡಿ. 35 ಎಂ.ಎಂ. ಫಿಲ್ಮ್ ನಿಮಿಷಕ್ಕೆ 90 ಅಡಿ ಓಡುತ್ತೆ, 54 ನಿಮಿಷ ಅಂದರೆ 4,860 ಅಡಿ. ಲೋನ್ ಸ್ಟಾರ್ ಚಿತ್ರ 52-55 ನಿಮಿಷ ಇದ್ದರೆ ಪೂರ್ತಿ ಇದೆ ಅಂತ ನಂಬಬಹುದು. ರಿಪಬ್ಲಿಕ್ ಚಿತ್ರಗಳಲ್ಲಿ ಮಾತ್ರ ಎಚ್ಚರ. ಟಿ.ವಿ.ಗೆ ಮಾರುವಾಗ ಅವನ್ನು ಸುಮಾರು 53 ನಿಮಿಷಕ್ಕೆ ಕತ್ತರಿಸಿದ್ದರು. ಚೇಸು ಮತ್ತು ಹೊಡೆದಾಟ ಉಳಿಸಿಕೊಂಡು ಕತ್ತರಿ ಹಾಕಿದ್ದು ಮಾತಿನ ದೃಶ್ಯಗಳಿಗೆ. ಮಾರ್ಷಲ್‌ಗೆ ಗುಟ್ಟಾಗಿ ಕೆಲಸ ಒಪ್ಪಿಸೋ ದೃಶ್ಯ ಹೋಗಿರೋದು ಬಹುಮಟ್ಟಿಗೆ ಅದರಲ್ಲೇ. ನಾಯಕ ಯಾರು, ಊರಿಗೆ ಯಾಕೆ ಬಂದ ಅಂತಲೇ ತಿಳಿಯದಿದ್ದರೆ ಕಥೆಗಾರನನ್ನು ಬೈಯುವ ಮೊದಲು ಪ್ರತಿಯ ಅವಧಿ ನೋಡಿ.